ಟೀಚರ್ ಬೀಳ್ಕೊಡುಗೆಗೆ ಇಪ್ಪತ್ತಾರು ಹಾಡು

ಉಡುಪಿಯಲ್ಲಿ ಪ್ರತಿ ಶನಿವಾರ ಸಂಜೆ ಒಂದು ಮಹಡಿ ಕೋಣೆಯಲ್ಲಿ ಸೇರಿ ಭಾವಗೀತೆ, ದಾಸರ ಪದ, ಭಜನೆ ಕಲಿಯುವ ಸಣ್ಣ ಬಳಗ ನಮ್ಮದು. ನಿವೃತ್ತ ಅಧ್ಯಾಪಕರು, ಬ್ಯಾಂಕಿನವರು, ದಾದಿಯರು, ಗೃಹಿಣಿಯರು, ರಿಕ್ಷಾ ಓಡಿಸುವ ಒಬ್ಬರು, ಹೀಗೆ 34 ಮಂದಿ ಇದ್ದೇವೆ. ಹಾಡಿ ಸಂಪಾದಿಸುವವರು ಯಾರೂ ಇಲ್ಲ. ನಮಗೆಲ್ಲ ಹಾಡು ಕಲಿಸಿ, ಬಳಗವನ್ನು ಇಷ್ಟು ವರ್ಷ ನಡೆಸಿಕೊಂಡು ಬಂದ ಟೀಚರ್, ಮೈಸೂರಿನಲ್ಲಿರುವ ಮಗನ ಮನೆಗೆ ಹೋಗಿ ನೆಲೆಸುವುದಾಗಿ ನವೆಂಬರಿನಲ್ಲಿ ತಿಳಿಸಿದರು. ಅವರಿಗೊಂದು ಬೀಳ್ಕೊಡುಗೆ ಕಾರ್ಯಕ್ರಮ ಮಾಡಬೇಕೆಂದು ಎಲ್ಲರೂ ಒಂದೇ ಮಾತಿನಲ್ಲಿ ಒಪ್ಪಿದರು. ಅದನ್ನು ನಡೆಸುವ ಹೊಣೆ ಕಾರ್ಯದರ್ಶಿಯಾದ ನನ್ನ ಮೇಲೆ ಬಂತು. ಕಾರ್ಯಕ್ರಮ ಫೆಬ್ರವರಿಯಲ್ಲಿ ಮುಗಿದಿದೆ. ಹವ್ಯಾಸಿಗಳೇ ಹಾಡುವ ಇಂತಹ ಸಂಜೆಯನ್ನು ಏರ್ಪಡಿಸಲು ಹೊರಟವರಿಗೆ ಉಪಯೋಗವಾಗಲಿ ಎಂದು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಟೀಚರ್ ಅವರನ್ನೇ ಕೇಳಿದೆವು. "ಶಾಲು, ಹಾರ, ಫಲಪುಷ್ಪ ಎಂತದೂ ಬೇಡ ಮಾರಾಯ್ರೆ. ನಾನು ಎದುರು ಕೂತುಕೊಳ್ತೇನೆ, ನೀವು ಒಬ್ಬೊಬ್ಬರೂ ಒಂದೊಂದು ಪದ ಹೇಳಿ. ಪೂರ್ತಿ ಹೇಳ್ಬೇಕು, ಪಲ್ಲವಿ ಹೇಳಿ ಒಂದು ಚರಣಕ್ಕೆ ಇಳಿದು ಬರ್ಲಿಕ್ಕಿಲ್ಲ" ಎಂದರು. ಅವರು ಕೇಳಿದ್ದು ಇಷ್ಟೇ. ಆದರೆ ಈ ಒಂದು ಬೇಡಿಕೆಯನ್ನು ಉಳಿಸಿಕೊಳ್ಳುವುದೇ ಮುಂದಿನ ಮೂರು ತಿಂಗಳ ದೊಡ್ಡ ಕೆಲಸವಾಯಿತು, ಏಕೆಂದರೆ ಸಭಾಂಗಣದ ವೇಳೆ, ದಾನಿಗಳ ಆಸೆ, ಅತಿಥಿಗಳ ಭಾಷಣ, ತಬಲಾ ಶ್ರುತಿ ಎಲ್ಲವೂ ಕಡೆಗೆ ಹಾಡುವವರ ಪಾಲಿನ ನಿಮಿಷಗಳನ್ನೇ ತಿನ್ನಲು ಬರುತ್ತವೆ. ನನ್ನ ಮಟ್ಟಿಗೆ ಹವ್ಯಾಸಿಗಳ ಕಾರ್ಯಕ್ರಮದಲ್ಲಿ ಕಾಯ್ದುಕೊಳ್ಳಬೇಕಾದ ಮೊದಲ ವಸ್ತು ಅದೇ: ವರ್ಷವಿಡೀ ಕಲಿತವರಿಗೆ ತಮ್ಮ ಶ್ರುತಿಯಲ್ಲಿ, ಅವಸರವಿಲ್ಲದೆ, ಒಂದು ಇಡೀ ಹಾಡು.

ದಿನ ಗೊತ್ತುಮಾಡುವಾಗಲೇ ಮೊದಲ ತೊಡಕು ಎದುರಾಯಿತು. ಟೀಚರ್ ಫೆಬ್ರವರಿ ಕೊನೆಗೆ ಊರು ಬಿಡುವವರಿದ್ದರಿಂದ ಜನವರಿ ನಡುವಿನ ಒಂದು ರವಿವಾರವನ್ನು ಯೋಚಿಸಿದ್ದೆವು. ಅದು 2026ರ ಜನವರಿ. 18ರಂದು ಶೀರೂರು ಮಠದ ಪರ್ಯಾಯ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ, ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯದ ಹೊತ್ತಿಗೆ ಪುರಪ್ರವೇಶ, ಹೊರೆಕಾಣಿಕೆ, ಸಾಂಸ್ಕೃತಿಕ ಕಾರ್ಯಕ್ರಮಗಳೆಂದು ಇಡೀ ಊರು ಓಡಾಡುತ್ತಿರುತ್ತದೆ. ನಾವು ವಿಚಾರಿಸಿದ ಮೈಕ್‌ನವರು, ಶಾಮಿಯಾನದವರು, ಅಡುಗೆ ಭಟ್ಟರು ಎಲ್ಲರದೂ ಒಂದೇ ಉತ್ತರ: "ಪರ್ಯಾಯ ಕಳೆದ ಮೇಲೆ ಬನ್ನಿ." ಉಡುಪಿಯಲ್ಲಿ ಸಮಸಂಖ್ಯೆಯ ವರ್ಷದ ಜನವರಿಯಲ್ಲಿ ಸಣ್ಣ ಕಾರ್ಯಕ್ರಮಗಳನ್ನು ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಫೆಬ್ರವರಿಗೆ ಹೋದರೆ ಅಲ್ಲಿ ಮದುವೆ, ಉಪನಯನ, ನೇಮ, ಕೋಲ, ಯಕ್ಷಗಾನ ಬಯಲಾಟಗಳ ಸಾಲು. ಮಾರ್ಚ್ ಎಂದರೆ ಮಕ್ಕಳ ಪರೀಕ್ಷೆ. ನಮ್ಮಲ್ಲಿ ಹಾಡುವ ತಾಯಂದಿರು ಆಗ ಮನೆಯಿಂದ ಹೊರಗೆ ಬರುವುದೇ ಕಷ್ಟ. ಹಾಗಾಗಿ ಫೆಬ್ರವರಿಯಲ್ಲಿ ಬಿಡುವಿದ್ದ ಒಂದೇ ಒಂದು ರವಿವಾರ ಸಂಜೆಯನ್ನು ಹಿಡಿದುಕೊಂಡೆವು.

ಸಭಾಂಗಣ ಅಂದಾಜು 250 ಮಂದಿ ಕೂರುವಂಥದ್ದು. ಬಾಡಿಗೆ 12,000 ರೂಪಾಯಿ ಎಂದು ಫೋನಿನಲ್ಲಿ ಹೇಳಿದ್ದರು. ಕಾದಿರಿಸಲು ಹೋದಾಗ ಅದರ ಮೇಲೆ ಶೇಕಡ 18 ಜಿಎಸ್‌ಟಿ, 5,000 ರೂಪಾಯಿ ಠೇವಣಿ, ಸ್ವಚ್ಛತೆಯ ಶುಲ್ಕ, ಮೀಟರ್ ನೋಡಿ ಕಡೆಗೆ ವಸೂಲು ಮಾಡುವ ವಿದ್ಯುತ್ ವೆಚ್ಚ, ಇವೆಲ್ಲ ಸೇರಿಕೊಂಡವು. ಇವುಗಳಲ್ಲಿ ಯಾವುದೂ ಅನ್ಯಾಯವಲ್ಲ. ಆದರೆ ಚಂದಾ ಎಷ್ಟೆಂದು ನಿಗದಿ ಮಾಡುವ ಮೊದಲೇ ಒಟ್ಟು ಮೊತ್ತವನ್ನು ಬರೆಸಿಕೊಂಡರೆ ಸದಸ್ಯರ ಬಳಿಗೆ ಎರಡನೆಯ ಸಲ ಕೈಯೊಡ್ಡಿ ಹೋಗಬೇಕಾಗಿಲ್ಲ. ರಸೀದಿಯಲ್ಲಿ ಇನ್ನೊಂದು ವಿಷಯವನ್ನೂ ನೋಡಿಕೊಳ್ಳಬೇಕು: ಅದೇ ದಿನ ಬೆಳಗ್ಗೆ ಬೇರೆ ಸಮಾರಂಭವಿದೆಯೇ, ಇದ್ದರೆ ಕೊಠಡಿ ನಮ್ಮ ಕೈಗೆ ಎಷ್ಟು ಗಂಟೆಗೆ ಬರುತ್ತದೆ. ನಮ್ಮ ರಸೀದಿಯಲ್ಲಿ ಮಧ್ಯಾಹ್ನ 2 ಗಂಟೆ ಎಂದು ಬರೆದಿತ್ತು.

ಪೊಲೀಸ್ ಠಾಣೆಯಿಂದ ಧ್ವನಿವರ್ಧಕದ ಅನುಮತಿ ಪತ್ರ ತಂದುಕೊಡುವಂತೆ ಸಭಾಂಗಣದವರೇ ಹೇಳಿದರು. ಕಾರ್ಯಕ್ರಮದ ವಿವರವಿರುವ ಅರ್ಜಿ, ಸಭಾಂಗಣದ ರಸೀದಿಯ ಪ್ರತಿ, ಸಂಘಟಕರ ಗುರುತಿನ ಚೀಟಿಯ ಪ್ರತಿ, ವೇಳೆ ಮತ್ತು ಶಬ್ದದ ಮಿತಿಯನ್ನು ಪಾಲಿಸುತ್ತೇವೆಂಬ ಮುಚ್ಚಳಿಕೆ, ಇವು ನಮ್ಮಿಂದ ಕೇಳಿದ ಕಾಗದಗಳು. ನಿಯಮ ತಿಳಿದಿದ್ದರೆ ಮಾತು ಸುಲಭವಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗಿನವರಿಗಷ್ಟೇ ಕೇಳಿಸುವ ಬಳಕೆಗೆ ಇದರಿಂದ ವಿನಾಯಿತಿ ಇದೆ. ವಾಸದ ಪ್ರದೇಶದಲ್ಲಿ ಹಗಲಿನ ಶಬ್ದದ ಮಿತಿ 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಬಹುದಾದ್ದರಿಂದ, ಸಭಾಂಗಣವನ್ನು ಆರಿಸುವಾಗಲೇ ಅಕ್ಕಪಕ್ಕ ಏನಿದೆಯೆಂದು ನೋಡಿಕೊಳ್ಳುವುದು ಉಚಿತ. ನಮ್ಮದು ಸಂಜೆ 4ರಿಂದ 8ರ ತನಕ ಮಾತ್ರವಾದ್ದರಿಂದ ಯಾವ ಆಕ್ಷೇಪವೂ ಬರಲಿಲ್ಲ, ಆದರೂ ಪತ್ರ ಕೈಗೆ ಸಿಗುವಾಗ ಕಾರ್ಯಕ್ರಮ ತೀರಾ ಹತ್ತಿರ ಬಂದಿತ್ತು. ಅಷ್ಟು ದಿನ ಆಮಂತ್ರಣ ಹಂಚಿಯೂ ನೆಮ್ಮದಿ ಇರಲಿಲ್ಲ. ಅರ್ಜಿಯನ್ನು ಬೇಗ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.

ಈ ನಡುವೆ ನಮ್ಮ ಸದಸ್ಯರೊಬ್ಬರ ಮೊಬೈಲಿಗೆ ಬಂದ ಒಂದು ಸಂದೇಶ ಇಡೀ ಬಳಗವನ್ನು ಹೆದರಿಸಿತು. ಬೇರೆಯವರು ಬರೆದ, ರಾಗ ಹಾಕಿದ ಹಾಡುಗಳನ್ನು ವೇದಿಕೆಯಲ್ಲಿ ಹಾಡಿದರೆ ಪರವಾನಗಿ ಬೇಕು, ಇಲ್ಲದಿದ್ದರೆ ದಂಡ ಎಂದು ಅದರಲ್ಲಿತ್ತು. ನಾಲ್ಕೈದು ಮಂದಿ ಹಾಡು ಬದಲಿಸಲು ಹೊರಟರು. ನಮ್ಮಲ್ಲಿಯೇ ಇರುವ ಒಬ್ಬ ವಕೀಲರು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮನ್ನು ಓದಿ ಹೇಳಿದ ಮೇಲೆ ಸಮಾಧಾನವಾಯಿತು. ಹವ್ಯಾಸಿ ಸಂಘವೊಂದು ಹಣ ಪಡೆಯದೆ ಸೇರಿಸಿದ ಪ್ರೇಕ್ಷಕರ ಎದುರು, ಇಲ್ಲವೇ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥವಾಗಿ, ಸಾಹಿತ್ಯ ಅಥವಾ ಸಂಗೀತ ಕೃತಿಯನ್ನು ಪ್ರದರ್ಶಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಅಲ್ಲಿ ಸ್ಪಷ್ಟವಾಗಿಯೇ ಇದೆ. ಲಾಭದ ಉದ್ದೇಶವಿಲ್ಲದ ಸಂಘದ ಚಟುವಟಿಕೆಯ ಅಂಗವಾಗಿ ಧ್ವನಿಮುದ್ರಣವನ್ನು ಕೇಳಿಸುವುದಕ್ಕೂ ಅದೇ ಕಲಮಿನಲ್ಲಿ ಅವಕಾಶವಿರುವುದರಿಂದ ಕರೋಕೆಯಲ್ಲಿ, ಎಂದರೆ ಧ್ವನಿಮುದ್ರಿತ ಹಿನ್ನೆಲೆ ವಾದ್ಯದ ಜೊತೆ, ಹಾಡುವವರೂ ಉಸಿರಾಡುವಂತಾಯಿತು. ಇದರಿಂದ ನಾವು ಮಾಡಿದ ತೀರ್ಮಾನ ಒಂದೇ: ಟಿಕೆಟ್ ಇಲ್ಲ, ಬಾಗಿಲಲ್ಲಿ ಕಾಣಿಕೆ ಡಬ್ಬಿಯೂ ಇಲ್ಲ, ಆಮಂತ್ರಣದಲ್ಲಿ "ಪ್ರವೇಶ ಉಚಿತ" ಎಂದೇ ಅಚ್ಚು ಹಾಕಿಸಿದೆವು.

ಆದರೆ ಈ ವಿನಾಯಿತಿ ಸಭಾಂಗಣದ ಒಳಗಿನ ಹಾಡಿಗೆ. ಅದನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದು ಬೇರೆಯೇ ವಿಷಯ. ಕವಿ ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಅವರ ಕೃತಿಗಳಿಗೆ ಸ್ವಾಮ್ಯ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯಗಳು ಎಂದೋ ಮುಕ್ತವಾಗಿವೆ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳು ಬದುಕಿದ್ದಾಗ ಪ್ರಕಟಿಸಿದ ಕವನಗಳು 2024ರ ಆರಂಭದಿಂದ ಮುಕ್ತ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವನಗಳಿಗೆ 2041ರ ಕೊನೆಯವರೆಗೆ ಸ್ವಾಮ್ಯವಿದೆ. ಕವನ ಮುಕ್ತವಾದರೂ ಅದಕ್ಕೆ ರಾಗ ಹಾಕಿದವರ ಹಕ್ಕು ಪ್ರತ್ಯೇಕ. ಆದ್ದರಿಂದ ನೇರಪ್ರಸಾರದ ಆಸೆಯನ್ನು ಬಿಟ್ಟು, ನೆನಪಿಗಾಗಿ ಮಾತ್ರ ಧ್ವನಿಮುದ್ರಿಸಿಕೊಂಡೆವು. ಕಿರಿಯ ಸದಸ್ಯರಿಗೆ ಇದರಿಂದ ಬೇಸರವಾದದ್ದು ಹೌದು, ಆದರೆ ಕವಿಗಳ ಮತ್ತು ಸಂಯೋಜಕರ ದುಡಿಮೆಯಿಂದಲೇ ನಮ್ಮ ಶನಿವಾರಗಳು ತುಂಬಿರುವಾಗ ಅವರ ಹಕ್ಕನ್ನು ಗೌರವಿಸುವುದು ನಮಗೆ ಭಾರವಾಗಬಾರದು.

ಇನ್ನು ಸಭಾ ಕಾರ್ಯಕ್ರಮದ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಸಣ್ಣ ಭಜನಾ ಮಂಡಳಿಯ ವಾರ್ಷಿಕೋತ್ಸವಕ್ಕೂ ವೇದಿಕೆಯ ಮೇಲೆ ಹತ್ತು ಕುರ್ಚಿ, ಸ್ವಾಗತ, ಪ್ರಸ್ತಾವನೆ, ದೀಪ ಬೆಳಗುವುದು, ಅತಿಥಿಗಳ ಮಾತು, ಸನ್ಮಾನ, ಅಧ್ಯಕ್ಷೀಯ ಭಾಷಣ, ಧನ್ಯವಾದ ಎಲ್ಲವೂ ಇರಬೇಕೆಂಬುದು ರೂಢಿ. ಒಂದೊಂದಕ್ಕೂ ಹತ್ತು ನಿಮಿಷ ಹಿಡಿದರೆ ಗಂಟೆ ದಾಟುತ್ತದೆ. ಹಾಡಲು ಹೆಸರು ಕೊಟ್ಟವರು 26 ಮಂದಿ. ಒಂದು ಹಾಡಿಗೆ 5 ನಿಮಿಷ, ಒಬ್ಬರು ಇಳಿದು ಇನ್ನೊಬ್ಬರು ಬಂದು ಕೂರಲು 2 ನಿಮಿಷ ಎಂದರೆ 182 ನಿಮಿಷವಾಯಿತು. ನಮಗಿದ್ದದ್ದು 240 ನಿಮಿಷ. ಕಾಪು, ಬ್ರಹ್ಮಾವರ, ಹೆಬ್ರಿ ಕಡೆಗೆ ಹೋಗುವವರು ಎಂಟು ಗಂಟೆಯ ಮೇಲೆ ಬಸ್ಸಿನ ಚಿಂತೆಯಲ್ಲಿ ಒಬ್ಬೊಬ್ಬರಾಗಿ ಏಳುವುದರಿಂದ ಸಮಯವನ್ನು ಎಳೆಯುವಂತೆಯೂ ಇರಲಿಲ್ಲ. ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಸಮಿತಿಯ ಮುಂದಿಟ್ಟೆ. ಆದರೂ ಹಿರಿಯರೊಬ್ಬರು, "ದುಡ್ಡು ಕೊಟ್ಟವರನ್ನು ವೇದಿಕೆಗೆ ಕರೆಯದಿದ್ದರೆ ನಾಳೆ ಅವರ ಮುಖ ನೋಡುವುದು ಹೇಗೆ ಮಗಳೇ?" ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ಸತ್ಯವಿತ್ತು. ಅಂಗಡಿ ನಡೆಸುವ ದಾನಿಗಳು ನಮಗೆ ಪ್ರತಿವರ್ಷ ಬೇಕಾಗುತ್ತಾರೆ. ಕಡೆಗೆ ನಾನೂ ಅಧ್ಯಕ್ಷರೂ ಪ್ರತಿ ದಾನಿಯ ಮನೆಗೇ ಹೋಗಿ ಟೀಚರ್ ಅವರ ಅಪೇಕ್ಷೆಯನ್ನು ತಿಳಿಸಿದೆವು. ಹೆಸರನ್ನು ಆಮಂತ್ರಣದಲ್ಲಿ ಅಚ್ಚು ಹಾಕಿಸಿ, ಸಭೆಯಲ್ಲಿ ಒಮ್ಮೆ ಓದಿ, ಮುಂದಿನ ಸಾಲಿನಲ್ಲಿ ಟೀಚರ್ ಪಕ್ಕ ಕುಳ್ಳಿರಿಸುತ್ತೇವೆಂದಾಗ ಯಾರೂ ಬೇಡವೆನ್ನಲಿಲ್ಲ. ಒಬ್ಬರಂತೂ "ವೇದಿಕೆಗಿಂತ ಅದೇ ಒಳ್ಳೆಯದು, ಪದ ಸರಿಯಾಗಿ ಕೇಳ್ತದೆ" ಎಂದರು. ಸಭೆಗೆ 20 ನಿಮಿಷ, ಕಾಫಿಗೆ 15 ನಿಮಿಷ ಇಟ್ಟೆವು.

ಹಾಡುಗಳ ಕ್ರಮವನ್ನು ನಿರ್ಧರಿಸಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾರ್ಯಕ್ರಮ ಉಳಿದದ್ದು ಅದರಿಂದಲೇ ಎಂಬುದು ನನ್ನ ನಂಬಿಕೆ. ಸಾಮಾನ್ಯವಾಗಿ ಕಿರಿಯರು ಮೊದಲು, ಚೆನ್ನಾಗಿ ಹಾಡುವ ಹಿರಿಯರು ಕಡೆಗೆ. ಹಾಗೆ ಮಾಡಿದರೆ ಪ್ರತಿ ಹಾಡಿಗೂ ಶ್ರುತಿ ಬದಲಾಗುತ್ತದೆ. ಕೀಬೋರ್ಡಿನವರಿಗೆ ಒಂದು ಗುಂಡಿ ಒತ್ತಿದರೆ ಮುಗಿಯಿತು, ತಬಲಾದವರು ಮಾತ್ರ ಸುತ್ತಿಗೆ ಹಿಡಿದು ಮುಚ್ಚಿಗೆಯ (ಚರ್ಮದ ಹೊದಿಕೆಯ) ಸುತ್ತ ಬಡಿಯುತ್ತಾ ಕೂರಬೇಕು. ಒಂದು ತಬಲಾ ಅದರ ಅಳತೆಗೆ ತಕ್ಕ ಶ್ರುತಿಯ ಆಸುಪಾಸಿನಲ್ಲಿ ಅರ್ಧ ಸ್ವರದಷ್ಟು ಏರುತ್ತದೆ, ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ನಾದ ಕೆಡುತ್ತದೆ. ನಮ್ಮ ಕಡಲ ಬದಿಯ ತೇವಕ್ಕೆ ಚರ್ಮ ಸಡಿಲವಾಗುವ ಕಾಟ ಬೇರೆ.

ಇದಕ್ಕೆ ದಾರಿ ತೋರಿಸಿದವರು ತಬಲಾ ಮಾಷ್ಟ್ರು. ಅವರು ಮೊದಲು ಎಲ್ಲರ ಶ್ರುತಿಯನ್ನು, ಎಂದರೆ ಒಬ್ಬೊಬ್ಬರೂ "ಸ" ಎಂದು ಹಿಡಿಯುವ ಕೀಬೋರ್ಡಿನ ಕಪ್ಪು ಅಥವಾ ಬಿಳಿ ಮನೆ ಎಷ್ಟನೆಯದು ಎಂಬುದನ್ನು, ಬರೆದು ತರಲು ಹೇಳಿದರು. ಕರೋಕೆಯಲ್ಲಿ ಹಾಡುವ 5 ಮಂದಿಯನ್ನು ಬಿಟ್ಟರೆ ಉಳಿದದ್ದು 21. ಅವರಲ್ಲಿ ಗಂಡಸರು 5 ಮಂದಿ ಕಪ್ಪು ಒಂದು, 3 ಮಂದಿ ಬಿಳಿ ಎರಡು; ಹೆಂಗಸರು 9 ಮಂದಿ ಕಪ್ಪು ನಾಲ್ಕು, 4 ಮಂದಿ ಬಿಳಿ ಐದು. ಮಾಷ್ಟ್ರು ಪಟ್ಟಿಯನ್ನು ನೋಡಿ, "ಎರಡು ತಬಲಾ ಸಾಕು" ಎಂದರು. ಕಪ್ಪು ನಾಲ್ಕನ್ನು ಷಡ್ಜವಾಗಿ (ಸ) ಹಿಡಿದರೆ ಅದರ ಮಧ್ಯಮ (ಮ) ಕಪ್ಪು ಒಂದೇ ಆಗುತ್ತದೆ. ಹಾಗಾಗಿ ಆ ಗಂಡಸರಿಗೆ ಷಡ್ಜದಲ್ಲಿ ನುಡಿಯುವ ತಬಲಾ ಈ ಹೆಂಗಸರಿಗೆ ಮಧ್ಯಮದಲ್ಲಿ ನುಡಿಯುತ್ತದೆ, ಮುಟ್ಟಬೇಕಾಗಿಲ್ಲ. ಬಿಳಿ ಐದರ ಪಂಚಮ (ಪ) ಬಿಳಿ ಎರಡು; ಆದ್ದರಿಂದ ಎರಡನೆಯ ಗುಂಪಿಗೂ ಒಂದೇ ತಬಲಾ. ಮೊದಲ ಗುಂಪಿನಲ್ಲಿ 14 ಹಾಡು, ಎರಡನೆಯದರಲ್ಲಿ 7. ನಡುವೆ ಕರೋಕೆಯ 5 ಹಾಡುಗಳನ್ನು ಇಟ್ಟರೆ ಅಷ್ಟರಲ್ಲಿ ಅವರು ಎರಡನೆಯ ತಬಲಾವನ್ನು ಶ್ರುತಿ ಮಾಡಿಕೊಳ್ಳಬಹುದು. ಇಷ್ಟು ವರ್ಷ ಹಾಡುತ್ತಾ ಬಂದ ನಮಗೆ ಈ ಲೆಕ್ಕವನ್ನು ಕೇಳಿ ಆದ ಸಂತೋಷ ಹೇಳತೀರದು.

ಒಂದು ಕಡೆ ಮಾತ್ರ ಸಿಕ್ಕಿಕೊಂಡೆವು. ಕಪ್ಪು ನಾಲ್ಕರಲ್ಲಿ ಹಾಡುವ ಅಕ್ಕ ಒಬ್ಬರು ಆರಿಸಿದ್ದ ಪದ ಮೋಹನ ರಾಗದಲ್ಲಿತ್ತು. ಮೋಹನದಲ್ಲಿ ಮಧ್ಯಮವೇ ಇಲ್ಲ. ಮಧ್ಯಮಕ್ಕೆ ಕೂಡಿಸಿದ ತಬಲಾ ನುಡಿದರೆ ಹಾಡಿನಲ್ಲಿಲ್ಲದ ಸ್ವರವೊಂದು ಉದ್ದಕ್ಕೂ ಕೇಳುತ್ತಲೇ ಇರುತ್ತದೆ. ಅವರನ್ನು ಅರ್ಧ ಸ್ವರ ಇಳಿಸಿ, ಪಂಚಮಕ್ಕೆ ಕೂಡಿಸಿದ ಬಿಳಿ ಐದರ ಗುಂಪಿಗೆ ಸೇರಿಸಬೇಕಾಯಿತು. ಗುಂಪುಗಳು ಹೀಗೆ 13 ಮತ್ತು 8 ಆದವು. ಮೊದಲು ಅಳುಕಿದರೂ ಎರಡು ಶನಿವಾರ ಅಭ್ಯಾಸ ಮಾಡಿದ ಮೇಲೆ, "ಕೆಳಗೆ ಮಂದ್ರಕ್ಕೆ ಹೋಗುವಾಗ ಸ್ವಲ್ಪ ಕಷ್ಟ, ಮೇಲೆ ಭಾರೀ ಸುಖ ಉಂಟು" ಎಂದು ಅವರೇ ಒಪ್ಪಿದರು. ಶ್ರುತಿ ಬದಲಿಸುವುದಿದ್ದರೆ ಅದನ್ನು ಕೊನೆಯ ವಾರಕ್ಕೆ ಉಳಿಸಬಾರದು. ಗಂಟಲು ಹೊಸ ಎತ್ತರವನ್ನು ಒಪ್ಪಿಕೊಳ್ಳಲು ಸಮಯ ಬೇಕಾಗುತ್ತದೆ.

ಶ್ರುತಿಯ ಕ್ರಮದಲ್ಲಿ ಹಿರಿತನಕ್ಕೆ ಜಾಗವಿಲ್ಲ. ನಮ್ಮ ಅಧ್ಯಕ್ಷರು ನಾಲ್ಕನೆಯವರಾಗಿ ಹಾಡಬೇಕಾಯಿತು. ಅವರು ದೊಡ್ಡ ಮನಸ್ಸಿನಿಂದ ಒಪ್ಪಿದ್ದರಿಂದ ಬೇರೆಯವರೂ ಸುಮ್ಮನಾದರು. ಗುಂಪಿನ ಒಳಗೆ ಮಾತ್ರ ಇನ್ನೊಂದು ವಿಷಯವನ್ನು ಗಮನಿಸಿದೆವು: ವೇದಿಕೆಯ ಹೆದರಿಕೆ ಇರುವವರನ್ನು ಪ್ರಾರ್ಥನೆಯ ಬೆನ್ನಿಗೇ ಹಾಡಿಸುವುದು. ಮೊದಲ ಸಲ ಸಾರ್ವಜನಿಕರ ಎದುರು ಹಾಡುವ ಒಬ್ಬರು ಹೆಸರು ತೆಗೆದುಬಿಡಿ ಎಂದು ಮತ್ತೆ ಮತ್ತೆ ಕೇಳಿಕೊಂಡಿದ್ದರು. ಎಲ್ಲರೊಂದಿಗೆ ಪ್ರಾರ್ಥನೆ ಹಾಡಿದ ಮೇಲೆ ಅವರನ್ನು ಅಲ್ಲಿಯೇ ಕೂರಿಸಿ ಎರಡನೆಯ ಹಾಡು ಕೊಟ್ಟೆವು. ಮೂರು ಗಂಟೆ ಕಾದು ಕೂತಿದ್ದರೆ ಅವರು ಖಂಡಿತ ಹಾಡುತ್ತಿರಲಿಲ್ಲ.

ಅಭ್ಯಾಸದ ಸಂಜೆಗಳಲ್ಲಿ ಕರೋಕೆಯದೂ ಒಂದು ಪಾಠವಾಯಿತು. ಎಲ್ಲರೂ ಅವರವರ ಮೊಬೈಲಿನಲ್ಲಿ ಟ್ರ್ಯಾಕ್ ಇಟ್ಟುಕೊಂಡಿದ್ದರು. ಬ್ಲೂಟೂತ್‌ನಲ್ಲಿ ಸೇರಿಸಿದರೆ ಸದ್ದು ಕ್ಷಣ ತಡವಾಗಿ ಬರುತ್ತದೆ, ನಡುವೆ ಕರೆ ಬಂದರೆ ಹಾಡೇ ನಿಲ್ಲುತ್ತದೆ, ಕೆಲವು ಮೊಬೈಲುಗಳಿಗೆ ತಂತಿ ಸಿಕ್ಕಿಸುವ ತೂತೇ ಇಲ್ಲ. ಎಲ್ಲ ಟ್ರ್ಯಾಕುಗಳನ್ನೂ ಕ್ರಮಸಂಖ್ಯೆ ಹಾಕಿ ಒಂದೇ ಲ್ಯಾಪ್‌ಟಾಪಿಗೆ ತುಂಬಿಸಿ, ಅಂತರ್ಜಾಲದ ಸಂಪರ್ಕ ತೆಗೆದು, ತಂತಿಯಿಂದಲೇ ಮಿಕ್ಸರಿಗೆ ಜೋಡಿಸಿದೆವು. ಯಾರ ಹಾಡಿಗೆ ಎಷ್ಟು ಶ್ರುತಿ ಏರಿಸಬೇಕು, ಇಳಿಸಬೇಕು ಎಂಬುದನ್ನು ಮೊದಲೇ ಬದಲಿಸಿ ಇಟ್ಟಿದ್ದೆವು. ಮೈಕ್‌ನವರಿಗೂ ಒಂದು ಹಾಳೆಯಲ್ಲಿ ಬೇಕಾದದ್ದನ್ನೆಲ್ಲ ಬರೆದುಕೊಟ್ಟೆ: ಹಾಡುವವರಿಗೆ ಎರಡು ಮೈಕ್, ತಬಲಾಕ್ಕೆ ಎರಡು, ಕೀಬೋರ್ಡನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸ್, ಲ್ಯಾಪ್‌ಟಾಪಿಗೆ ಒಂದು ತಂತಿ, ಹಾಡುವವರ ಎದುರಿಗೆ ಅವರ ಧ್ವನಿ ಅವರಿಗೇ ಕೇಳುವಂತೆ ಮಾನಿಟರ್ ಸ್ಪೀಕರ್. ಹವ್ಯಾಸಿಗಳಿಗೆ ಮಾನಿಟರ್ ಬೇಡ ಎಂದು ಖರ್ಚು ಉಳಿಸಲು ಹೋಗಬೇಡಿ. ತನ್ನ ಧ್ವನಿ ಕೇಳದಿದ್ದರೆ ಅಭ್ಯಾಸವಿಲ್ಲದವರು ಕಿರುಚುತ್ತಾರೆ, ಶ್ರುತಿ ತಪ್ಪುತ್ತದೆ.

ಊಟೋಪಚಾರ, ಹೂವಿನ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಗೋಳಿಬಜೆ, ಅವಲಕ್ಕಿ, ಶೀರಾ, ಕಾಫಿ, ಕಷಾಯ. ತಲೆಗೆ 95 ರೂಪಾಯಿಯಂತೆ 180 ಮಂದಿಗೆ. ಹೆಂಗಸರಿಗೆಲ್ಲ ಶಂಕರಪುರ ಮಲ್ಲಿಗೆ ಕೊಡಬೇಕೆಂಬ ಆಸೆಯಿತ್ತು. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೆ ಏರಿಳಿಯುತ್ತದೆ, ಚಳಿಗಾಲದಲ್ಲಿ ಹೂ ಕಡಿಮೆಯಾದ್ದರಿಂದ ಇನ್ನೂ ಏರುತ್ತದೆ. ಹಾಗಾಗಿ ಹಾಡುವವರಿಗೂ ಟೀಚರ್ ಅವರಿಗೂ ಮಾತ್ರ ತರಿಸಿದೆವು.

ಕಾರ್ಯಕ್ರಮದ ದಿನ ಒಂದೂವರೆಗೆ ನಾವು ಸಭಾಂಗಣದ ಎದುರು ನಿಂತಿದ್ದೆವು. ಬೆಳಗಿನ ಸಮಾರಂಭದ ಊಟದ ಪಂಕ್ತಿ ಇನ್ನೂ ನಡೆಯುತ್ತಿತ್ತು. ಎರಡಾಯಿತು, ಎರಡೂವರೆಯಾಯಿತು. ವ್ಯವಸ್ಥಾಪಕರು "ಈಗ ಆಗ್ತದೆ" ಎನ್ನುತ್ತಿದ್ದರು. ಶುಭಕಾರ್ಯಕ್ಕೆ ಬಂದವರನ್ನು ಎಬ್ಬಿಸುವುದು ಯಾರಿಂದಲೂ ಆಗದು. ಮೈಕ್‌ನವರ ಗಾಡಿ ಹೊರಗೆ ಬಿಸಿಲಲ್ಲಿ ನಿಂತಿತ್ತು. ತಬಲಾ ಮಾಷ್ಟ್ರು ತಮ್ಮ ಜೋಡಿಗಳನ್ನು ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿ ಇಟ್ಟುಕೊಂಡು ಕೂತಿದ್ದರು. ವೇದಿಕೆ ನಮ್ಮ ಕೈಗೆ ಬರುವಾಗ ಮೂರು ಗಂಟೆ ದಾಟಿತ್ತು. ಒಂದೂವರೆ ಗಂಟೆಯ ಶಬ್ದ ಪರೀಕ್ಷೆಗೆ ಉಳಿದದ್ದು ಅರ್ಧ ಗಂಟೆ. ನನ್ನ ಕೈ ನಡುಗುತ್ತಿತ್ತು. ಒಬ್ಬೊಬ್ಬರನ್ನೂ ಮೈಕಿನಲ್ಲಿ ಒಮ್ಮೆ ಹಾಡಿಸುತ್ತೇನೆಂದು ನಾನು ಎಲ್ಲರಿಗೂ ಮಾತು ಕೊಟ್ಟಿದ್ದೆ. ಆಗ ನೆರವಾದದ್ದು ಆ ಗುಂಪುಗಳೇ. ಪ್ರತಿ ಶ್ರುತಿಗೆ ಒಬ್ಬರಂತೆ ನಾಲ್ವರನ್ನು ಮಾತ್ರ ಹಾಡಿಸಿ, ಆ ನಾಲ್ಕು ಹೊಂದಾಣಿಕೆಗಳನ್ನು ಮೈಕ್‌ನವರು ಬರೆದಿಟ್ಟುಕೊಂಡರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಪ್ರಾರ್ಥನೆ ಆರಂಭವಾಯಿತು.

ಆ ಸಂಜೆಯ ಬಗ್ಗೆ ಬರೆಯುವುದು ನನಗೆ ಕಷ್ಟ. ಟೀಚರ್ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಸಣ್ಣಗೆ ತಾಳ ಹಾಕುತ್ತಾ, ಪ್ರತಿಯೊಬ್ಬರ ಹಾಡಿನ ಎಲ್ಲ ಚರಣಗಳನ್ನೂ ತುಟಿಯಲ್ಲೇ ಹೇಳುತ್ತಿದ್ದರು. ಹೆಸರು ತೆಗೆಯಿರಿ ಎಂದಿದ್ದವರು ಎರಡನೆಯ ಚರಣಕ್ಕೆ ಬರುವಾಗ ಕಣ್ಣು ತೆರೆದು ಹಾಡುತ್ತಿದ್ದರು. ರಿಕ್ಷಾದ ಅಣ್ಣ ಹಾಡಿದ ದಾಸರ ಪದಕ್ಕೆ, ಅವರ ನಿಲ್ದಾಣದ ಗೆಳೆಯರೆಲ್ಲ ಖಾಕಿ ಅಂಗಿಯಲ್ಲೇ ಬಂದು ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ಹಾಕಿದರು. ಮೋಹನದ ಅಕ್ಕನ ಹಾಡು ಮುಗಿದಾಗ ತಬಲಾ ಮಾಷ್ಟ್ರು ತಲೆ ತೂಗಿದ್ದನ್ನು ನಾನು ವೇದಿಕೆಯ ಬದಿಯಿಂದ ಕಂಡೆ. ಮೊಣಕಾಲು ನೋವಿನವರಿಗೆಂದು ಇಟ್ಟಿದ್ದ ಎತ್ತರದ ಕುರ್ಚಿ ಆರೇಳು ಮಂದಿಗೆ ಬೇಕಾಯಿತು. ಹಿರಿಯರಿರುವ ಬಳಗದವರು ಅದನ್ನು ಮರೆಯದೆ ಇಟ್ಟುಕೊಳ್ಳಬೇಕು.

ಸಭೆಯಲ್ಲಿ ಅಧ್ಯಕ್ಷರು ಮಾತ್ರ ಮಾತನಾಡಿದರು. ಬಳಗದ ಕಾಣಿಕೆಯಾಗಿ ಟೀಚರ್ ಅವರಿಗೆ ಹೊಸ ಎಲೆಕ್ಟ್ರಾನಿಕ್ ತಂಬೂರಿ ಕೊಟ್ಟೆವು. ಮೈಸೂರಿನಲ್ಲಿಯೂ ಅವರು ಯಾರಿಗಾದರೂ ಕಲಿಸದೆ ಇರಲಾರರು ಎಂಬುದು ನಮಗೆ ಗೊತ್ತಿತ್ತು. ಕಡೆಯ ಹಾಡು ಮುಗಿದಾಗ ಎಂಟಕ್ಕೆ ಹತ್ತು ನಿಮಿಷ ಇತ್ತು. ಮಂಗಳವನ್ನು ಎಲ್ಲರೂ ಸೇರಿ ಹಾಡುವುದೆಂದು ಬರೆದಿತ್ತು. ಟೀಚರ್ ತಾವಾಗಿಯೇ ಎದ್ದು ಮೆಟ್ಟಿಲು ಹತ್ತಿ ಬಂದು, ಅದನ್ನು ಮಧ್ಯಮಾವತಿ ರಾಗದಲ್ಲಿ ಎತ್ತಿಕೊಂಡರು. ಅದುವರೆಗೆ ಹಾಡಿದ್ದರಲ್ಲಿ ಏನಾದರೂ ಲೋಪವಿದ್ದರೆ ಮಧ್ಯಮಾವತಿ ಅದನ್ನು ಪರಿಹರಿಸುತ್ತದೆ ಎಂಬ ನಂಬಿಕೆಯನ್ನು ಅವರೇ ನಮಗೆ ಕಲಿಸಿದ್ದರು. ಅವರ ಹಿಂದೆ ಹಾಡಲು ಹೋದ ನಮ್ಮಲ್ಲಿ ಅನೇಕರಿಗೆ ಧ್ವನಿ ಹೊರಡಲಿಲ್ಲ.

ಖರ್ಚಿನ ಲೆಕ್ಕ ಹೀಗಿದೆ. ಸಭಾಂಗಣಕ್ಕೆ ತೆರಿಗೆ, ಸ್ವಚ್ಛತೆ, ವಿದ್ಯುತ್ ಸೇರಿ 16,500 ರೂಪಾಯಿ, ಮೈಕಿಗೆ 9,500, ತಬಲಾ ಮತ್ತು ಕೀಬೋರ್ಡಿನವರ ಗೌರವಧನ 8,000, ಆಮಂತ್ರಣ 3,600, ಹೂ, ಅಲಂಕಾರ 3,200, ಉಪಾಹಾರ 17,100, ತಂಬೂರಿ 6,000, ಚಿಲ್ಲರೆ 1,500. ಒಟ್ಟು 65,400. ಸದಸ್ಯರು ತಲಾ 1,500ರಂತೆ ಕೊಟ್ಟ 51,000, ದಾನಿಗಳು ಕೊಟ್ಟ 18,000 ಸೇರಿ 69,000 ಬಂದಿತ್ತು. ಉಪಾಹಾರ ಮತ್ತು ಸಭಾಂಗಣ ಸೇರಿಯೇ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ; ಖರ್ಚು ಇಳಿಸುವುದಿದ್ದರೆ ಅಲ್ಲಿ ಇಳಿಸಿ, ಪಕ್ಕವಾದ್ಯದವರ ಗೌರವಧನದಲ್ಲಿ ಬೇಡ.

5,000 ರೂಪಾಯಿ ಠೇವಣಿ ಕೈಗೆ ಬರಲು ಕೆಲವು ವಾರ ಹಿಡಿಯಿತು. ಮೂಲ ರಸೀದಿ, ಬ್ಯಾಂಕ್ ಖಾತೆಯ ವಿವರ, ಸಂಘದ ಮುದ್ರೆ ಇರುವ ಪತ್ರ ಕೇಳಿದರು. ಕಾದಿರಿಸುವಾಗ ಯಾರ ಹೆಸರಿನಲ್ಲಿ ರಸೀದಿ ಮಾಡಿಸಿದ್ದೇವೆಯೋ ಅದೇ ಹೆಸರಿನ ಖಾತೆಯಾಗಿರಬೇಕು. ಧ್ವನಿಮುದ್ರಣವನ್ನು ಪೆನ್‌ಡ್ರೈವಿಗೆ ಹಾಕಿ ಟೀಚರ್ ಅವರಿಗೂ ಹಾಡಿದ ಎಲ್ಲರಿಗೂ ಕೊಟ್ಟಾಗಿದೆ. ಶನಿವಾರದ ತರಗತಿಯನ್ನು ಸದ್ಯಕ್ಕೆ ಹಿರಿಯ ಸದಸ್ಯರು ಸರದಿಯಲ್ಲಿ ನಡೆಸುತ್ತಿದ್ದಾರೆ. ಉಳಿದ 3,600 ರೂಪಾಯಿಯಲ್ಲಿ, ಮಳೆಗಾಲ ಹಿಡಿಯುವ ಮೊದಲು ಬಳಗದ ಹಳೆಯ ತಬಲಾಕ್ಕೆ ಹೊಸ ಮುಚ್ಚಿಗೆ ಹಾಕಿಸುವುದೆಂದು ಸಮಿತಿ ತೀರ್ಮಾನಿಸಿದೆ.